ಅಕ್ಕ ಕೈ ತೆಗೆದು ನಕ್ಕ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕತ್ತರಿಗಿಂತ ಹೆಚ್ಚು ದುಡಿಯುತ್ತಿದ್ದದ್ದು ಹಲ್ಲು. ಅಪ್ಪ ಟೈಲರ್. ಜಯನಗರದ ಒಂದು ಅಡ್ಡರಸ್ತೆಯಲ್ಲಿ ಅವರ ಅಂಗಡಿ, ಅಂಗಡಿಯ ಹಿಂದೆಯೇ ನಮ್ಮ ಮನೆ. ಅಂಗಡಿಯಲ್ಲಿ ಒಂದು ದೊಡ್ಡ ಕತ್ತರಿ ಇತ್ತು. ಅದು ಬಟ್ಟೆಗೆ ಮಾತ್ರ. ದಾರ ಕತ್ತರಿಸಲು ಯಾರಾದರೂ ಅದನ್ನು ಮುಟ್ಟಿದರೆ ಅಪ್ಪ ಗುರ್ರೆನ್ನುತ್ತಿದ್ದರು. ದಾರ ತುಂಡು ಮಾಡುವ ಸಾಮಾನನ್ನು ದೇವರು ಬಾಯಲ್ಲೇ ಇಟ್ಟು ಕಳಿಸಿದ್ದಾನಲ್ಲ ಎನ್ನುವುದು ಅವರ ವಾದ. ಅವರ ಮುಂದಿನ ಹಲ್ಲು ಸವೆದು ಸವೆದು ಅದರಲ್ಲೊಂದು ಕಚ್ಚು ಬಿದ್ದಿತ್ತು. ಸೂಜಿ ಇಟ್ಟರೆ ಗೂಡಿನಲ್ಲಿ ಕೂತ ಹಾಗೆ ಕೂರುತ್ತಿತ್ತು.

ಕೈಹೊಲಿಗೆಯೆಲ್ಲ ಅಕ್ಕನದು. ಗುಂಡಿ ಹಾಕುವುದು, ಗುಂಡಿ ತೂರುವ ಕಾಜಾ ಹೊಲಿಯುವುದು, ರವಿಕೆಗೆ ಹುಕ್ಕು ಕೂರಿಸುವುದು. ಒಂದೊಂದು ಮುಗಿದಾಗಲೂ ಬಟ್ಟೆಯನ್ನು ಬಾಯಿಯ ಹತ್ತಿರ ತಂದು ‘ಕಟ್’ ಎಂದು ದಾರ ಕಡಿಯುತ್ತಿದ್ದಳು. ಸಡಿಲವಾದ ಹುಕ್ಕನ್ನು ಹಲ್ಲಿನಲ್ಲೇ ಒತ್ತಿ ಚಪ್ಪಟೆ ಮಾಡುತ್ತಿದ್ದಳು. ಲಂಗ ಉಡುವ ವಯಸ್ಸಿನಿಂದ ಅದೇ ಕೆಲಸ. ಸೀರೆ ಉಡುವ ಹೊತ್ತಿಗೆ ಅವಳ ಮೇಲಿನ ಎರಡು ಹಲ್ಲುಗಳು ಓರೆಯಾಗಿ ತೇದುಹೋಗಿ, ನಡುವೆ ಅರ್ಧಚಂದ್ರದಂಥ ಸಂದು ಮೂಡಿತ್ತು.

ಇನ್ನು ನನ್ನ ಹಲ್ಲಿನ ವಿಷಯ ಕೇಳಬೇಡಿ. ಅವು ಸವೆದಿರಲಿಲ್ಲ, ಆದರೆ ಅಂಗಡಿಯ ಚಜ್ಜದ ಹಾಗೆ ಮುಂದಕ್ಕೆ ಚಾಚಿದ್ದವು. ಮಳೆ ಬಂದರೆ ಮೊದಲು ನೆನೆಯುತ್ತಿದ್ದದ್ದು ಅವೇ. ಯಾರಾದರೂ ರೇಗಿಸುವ ಮೊದಲು ನಾನೇ ನನ್ನನ್ನು ರೇಗಿಸಿಕೊಂಡುಬಿಡುತ್ತಿದ್ದೆ. ಆಮೇಲೆ ಉಳಿದವರ ಸರದಿ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಮೂಗಿನಲ್ಲೇ ಮಾತಾಡುವ ಅಪ್ಪ, ಪ್ರತಿ ಮಾತಿಗೂ ಕೆಮ್ಮುವ ನಮ್ಮ ಮೇಷ್ಟ್ರು, ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಪಕ್ಕದ ಮನೆ ಆಂಟಿ, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ನನ್ನ ಈ ನಾಟಕಕ್ಕೆಲ್ಲ ಇದ್ದ ಪ್ರೇಕ್ಷಕಿ ಅಕ್ಕ ಒಬ್ಬಳೇ.

ಅಕ್ಕ ನಗುತ್ತಿದ್ದಳು, ಆದರೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಿ ಮಾತ್ರ ಕಾಣುತ್ತಿರಲಿಲ್ಲ. ಅವಳನ್ನು ಕೈ ತೆಗೆದು ನಗಿಸಬೇಕು ಅನ್ನುವುದೊಂದೇ ಆಗ ನನಗಿದ್ದ ದೊಡ್ಡ ಆಸೆ. ಏನೇನು ವೇಷ ಹಾಕಿದರೂ ಆ ಕೈ ಕೆಳಗಿಳಿಯಲಿಲ್ಲ.

ಅದನ್ನು ಇಳಿಸಿದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ನಮ್ಮ ಬೀದಿಯ ತುದಿಯಲ್ಲಿ, ಮಹಡಿಯ ಮೇಲೆ ಹೊಸದಾಗಿ ಕ್ಲಿನಿಕ್ ತೆರೆದಿದ್ದರು. ಮೇ ತಿಂಗಳ ಕೊನೆಯಲ್ಲಿ ರವಿಕೆಗೆ ಅಳತೆ ಕೊಡಲು ಬಂದವರು, ಟೇಪು ಹಿಡಿದಿದ್ದ ಅಕ್ಕನ ಮುಖವನ್ನೇ ನೋಡಿದರು.

“ಏನಮ್ಮಾ, ಹಲ್ಲಲ್ಲಿ ದಾರ ಕಡೀತೀಯಾ?”

ಅಕ್ಕ ತಲೆಯಾಡಿಸಿದಳು.

“ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಪ್ಪಂದೂ ಹಿಂಗೇ ಇರ್ಬೇಕಲ್ಲ.”

ಮಿಷನ್ನಿನ ಮುಂದೆ ಕೂತಿದ್ದ ಅಪ್ಪ ತಟ್ಟನೆ ಬಾಯಿ ಮುಚ್ಚಿಕೊಂಡರು. ಡಾಕ್ಟರಮ್ಮ ನಕ್ಕು, “ಭಾನುವಾರ ಬೆಳಿಗ್ಗೆ ಬಾ, ಕಟ್ಟಿಕೊಡ್ತೀನಿ” ಎಂದು ಹೇಳಿಹೋದರು. ಹಲ್ಲನ್ನು ಗೋಡೆಯ ಹಾಗೆ ಕಟ್ಟಬಹುದು ಅನ್ನುವುದು ನಮಗೆ ಗೊತ್ತಾದದ್ದೇ ಆಗ. ಇಟ್ಟಿಗೆ ಎಲ್ಲಿ ಸಿಗುತ್ತೆ ಎಂದು ನಾನು ಅಕ್ಕನನ್ನು ವಾರವೆಲ್ಲ ಪೀಡಿಸಿದೆ.

ಭಾನುವಾರ ಅಕ್ಕನ ಜೊತೆ ನಾನೂ ಹೋದೆ. ಮೆಟ್ಟಿಲಲ್ಲೇ ಲವಂಗದ ಎಣ್ಣೆಯ ವಾಸನೆ. ಒಳಗೆ ಸ್ಪಿರಿಟ್ಟಿನ ವಾಸನೆ, ಒರಗಿ ಮಲಗುವ ಕುರ್ಚಿ, ತಲೆಯ ಮೇಲೆ ಬಗ್ಗಿ ನೋಡುವ ದೀಪ. ಡಾಕ್ಟರಮ್ಮ ಒಂದು ಗಾಜಿನ ತುಂಡಿನ ಮೇಲೆ ಹಲ್ಲಿನ ಬಣ್ಣದ ಹಿಟ್ಟನ್ನು ಕಲಸಿ, ತೇದುಹೋದ ಅಂಚಿಗೆ ಚೂರುಚೂರೇ ಹಚ್ಚಿದರು. ಒಣಗಿದ ಮೇಲೆ ಸಣ್ಣ ಅರದಲ್ಲಿ ಉಜ್ಜಿದರು. ಆಮೇಲೆ ಒಂದು ನೀಲಿ ಕಾಗದ ಕೊಟ್ಟು ಕಚ್ಚಲು ಹೇಳಿದರು. ಎಲ್ಲಿ ನೀಲಿ ಅಂಟುತ್ತದೋ ಅಲ್ಲಿ ಎತ್ತರ ಹೆಚ್ಚಾಗಿದೆ, ಅಲ್ಲಿ ಮತ್ತೆ ಉಜ್ಜಬೇಕು. ಬಟ್ಟೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸುವುದನ್ನು ದಿನವೂ ನೋಡುವ ಅಕ್ಕನಿಗೆ ಅದು ಬಹಳ ಹಿಡಿಸಿತು. ಬಾಯಿ ತೆರೆದುಕೊಂಡೇ ನನ್ನ ಕಡೆ ಹುಬ್ಬು ಹಾರಿಸಿದಳು.

ಕೊನೆಗೆ ಡಾಕ್ಟರಮ್ಮ ಅವಳ ಕೈಗೆ ಕನ್ನಡಿ ಕೊಟ್ಟು ಹೇಳಿದರು, “ನೋಡು, ಇದು ಹಲ್ಲಿನ ಥರ ಕಾಣುತ್ತೆ ಅಷ್ಟೆ, ಹಲ್ಲಿನಷ್ಟು ಗಟ್ಟಿ ಅಲ್ಲ. ದಾರ ಕಚ್ಚಿದ್ರೆ ಹೋಯ್ತು ಅಂತ ತಿಳ್ಕೊ. ಇನ್ಮೇಲೆ ಕತ್ತರಿ. ಏನು?”

“ಕತ್ತರಿ ಮೇಡಂ.”

ಮೆಟ್ಟಿಲು ಇಳಿಯುತ್ತಿದ್ದ ಹಾಗೆಯೇ ನಾನು ಸೊಂಟಕ್ಕೆ ಕೈಯಿಟ್ಟು, ಕನ್ನಡಕ ಸರಿಮಾಡಿಕೊಳ್ಳುವವನ ಹಾಗೆ ಮೂಗು ಏರಿಸಿ, ಡಾಕ್ಟರಮ್ಮನ ದನಿಯಲ್ಲಿ “ಇನ್ಮೇಲೆ ಕತ್ತರಿ. ಏನು?” ಅಂದೆ. ಅಕ್ಕ ನಕ್ಕಳು. ಒಂದು ಕೈ ಮೆಟ್ಟಿಲಿನ ಕಂಬಿಯ ಮೇಲಿತ್ತು, ಇನ್ನೊಂದು ಸೀರೆಯ ನೆರಿಗೆ ಹಿಡಿದಿತ್ತು. ಬಾಯಿಗೆ ಅಡ್ಡವಾಗಿ ಏನೂ ಇರಲಿಲ್ಲ. ಅವಳ ನಗು ಅಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ನಿಂತು, ಕಾರಣ ಗೊತ್ತಿಲ್ಲದೆ ತಾನೂ ನಕ್ಕು ಮುಂದೆ ಹೋದಳು. ಮನೆ ಸೇರುವವರೆಗೂ ನಾನು ಸುಮ್ಮನಿರಲಿಲ್ಲ, ಅಕ್ಕನೂ ಸುಮ್ಮನಾಗಲಿಲ್ಲ. ಅಮ್ಮ ಅವಳನ್ನು ಕೂರಿಸಿ ದೃಷ್ಟಿ ತೆಗೆದರು.

ಅಪ್ಪ ಹಳೆಯ ಕತ್ತರಿಯೊಂದನ್ನು ಹುಡುಕಿ, ಸಾಣೆ ಹಿಡಿಸಿ, ಲಾಡಿ ಕಟ್ಟಿ ಅಕ್ಕನ ಕೊರಳಿಗೆ ಹಾಕಿದರು. ನನ್ನನ್ನು ಕಾವಲಿಗೆ ಕೂರಿಸಿದರು. ಅಕ್ಕ ಬಟ್ಟೆಯನ್ನು ಬಾಯಿಯ ಹತ್ತಿರ ತಂದ ಕೂಡಲೇ ನಾನು ಡಾಕ್ಟರಮ್ಮನ ದನಿಯಲ್ಲಿ ಎಚ್ಚರಿಸಬೇಕು. ಮರುದಿನವೇ ಶಾಲೆಗಳು ಶುರುವಾಗಬೇಕಿತ್ತು. ಅಂಗಡಿಯ ತುಂಬ ಯೂನಿಫಾರಂಗಳ ರಾಶಿ, ಬಾಗಿಲ ತುಂಬ ಅಮ್ಮಂದಿರು. ಹೊಸ ಬಟ್ಟೆಯ ಗಂಜಿ ವಾಸನೆ, ಇಸ್ತ್ರಿಪೆಟ್ಟಿಗೆಯ ಬಿಸಿ, ಮಿಷನ್ನಿನ ಸದ್ದು. ಸಂಜೆಯವರೆಗೆ ನನ್ನ ಕಾವಲು ಚೆನ್ನಾಗಿಯೇ ನಡೆಯಿತು. ಪ್ರತಿ ಸಲ ಅಕ್ಕ ನಾಲಿಗೆ ಕಚ್ಚಿಕೊಂಡು, ಕೊರಳಿಗೆ ಕೈಹಾಕಿ, ಕತ್ತರಿ ಹುಡುಕಿ ದಾರ ಕತ್ತರಿಸುತ್ತಿದ್ದಳು.

“ಏನ್ರೀ, ನಾಳೆ ಸ್ಕೂಲು. ಇನ್ನೂ ಗುಂಡಿ ಹಾಕಿಲ್ವಾ?” ಎಂದರು ಒಬ್ಬ ಅಮ್ಮ.

“ಆಯ್ತು ಮೇಡಂ, ಕೊನೇ ಗುಂಡಿ” ಎಂದು ಅಪ್ಪ ಅಕ್ಕನ ಕಡೆ ತಿರುಗಿದರು. “ಆಯ್ತೇನಮ್ಮಾ?”

“ಆಯ್ತಪ್ಪಾ” ಎಂದಳು ಅಕ್ಕ. ಆ ಮಾತು ಮುಗಿಯುವುದಕ್ಕೂ ಬಟ್ಟೆ ಬಾಯಿಗೆ ಹೋಗುವುದಕ್ಕೂ ನಡುವೆ ಸಂದೇ ಇರಲಿಲ್ಲ. ಡಾಕ್ಟರಮ್ಮನ ದನಿ ನನ್ನ ಗಂಟಲಿನಿಂದ ಹೊರಡುವುದರೊಳಗೆ ‘ಕಟ್’ ಎಂದಿತು. ಅದು ದಾರದ ಸದ್ದಾಗಿರಲಿಲ್ಲ. ನೀಲಿ ಚಡ್ಡಿಯ ಮೇಲೆ ಅಕ್ಕಿ ನುಚ್ಚಿನಂಥ ಒಂದು ಬಿಳಿ ಚೂರು ಬಿದ್ದಿತ್ತು.

ಅಕ್ಕ ಆ ಚೂರನ್ನು ಬೆರಳಿನಲ್ಲಿ ಎತ್ತಿ ಸೂಜಿ ಡಬ್ಬಿಯಲ್ಲಿ ಹಾಕಿದಳು. ಗುಂಡಿ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿ, ಚಡ್ಡಿ ಮಡಿಸಿ, ಆ ಅಮ್ಮನ ಕೈಗೆ ಕೊಟ್ಟಳು. ಆಮೇಲೆ ಅವಳ ಕೈ ಮೆಲ್ಲಗೆ ಮೇಲೆದ್ದು ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತು.

ಅಂಗಡಿ ಖಾಲಿಯಾದ ಮೇಲೆ ಅಪ್ಪ ಹೇಳಿದರು, “ನಾಳೆನೇ ಹೋಗೋಣಮ್ಮ, ಇನ್ನೊಂದ್ಸಲ ಕಟ್ಟಿಸ್ಕೊಂಡು ಬರೋಣ.”

“ಈ ಯೂನಿಫಾರಂ ಎಲ್ಲ ಮುಗೀಲಿ ಬಿಡಪ್ಪ” ಎಂದಳು ಅಕ್ಕ.

ಮುಗಿಯಲಿ ಎಂದು ನಾವೆಲ್ಲ ಒಪ್ಪಿಬಿಟ್ಟೆವು. ಯೂನಿಫಾರಂ ಮುಗಿಯುವಾಗ ಗೌರಿ ಹಬ್ಬದ ರವಿಕೆಗಳು ಬಂದವು. ಅವುಗಳ ಬೆನ್ನಿಗೆ ದೀಪಾವಳಿ, ಆಮೇಲೆ ಮದುವೆ ಕಾಲ. ಟೈಲರ್ ಮನೆಯಲ್ಲಿ ಕೆಲಸ ಮುಗಿಯುವುದು ಅಂತ ಒಂದು ಇರುವುದಿಲ್ಲ ಅನ್ನುವುದು ನಮಗೇ ಗೊತ್ತಿರಬೇಕಿತ್ತು. ಅಷ್ಟರಲ್ಲಿ ಡಾಕ್ಟರಮ್ಮನೂ ಕ್ಲಿನಿಕ್ಕನ್ನು ಬೇರೆ ಕಡೆಗೆ ಬದಲಾಯಿಸಿದರು. ಅಕ್ಕನ ಮದುವೆಯ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಅವಳೊಬ್ಬಳು ತುಟಿ ಬಿಗಿದು ನಿಂತಿದ್ದಾಳೆ.

ಬಹಳ ವರ್ಷಗಳಾದ ಮೇಲೆ, ಅವಳ ತಲೆಯೆಲ್ಲ ನರೆತ ಮೇಲೆ, ಅವಳ ಮಗ ಹಟ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋದ. ತೇದುಹೋದ ಹಲ್ಲುಗಳಿಗೆಲ್ಲ ಕ್ಯಾಪು ಹಾಕಿಸಿ, ಮೊದಲಿನ ಎತ್ತರಕ್ಕೆ ತಂದರು. ಸಾಲಾಗಿ ಹೊಳೆಯುವ ಗಟ್ಟಿ ಹಲ್ಲುಗಳು, ಮುರಿಯುವ ಭಯವಿಲ್ಲ. ಸುದ್ದಿ ತಿಳಿದ ದಿನವೇ ಗೊಟ್ಟಿಗೆರೆಯ ಅವಳ ಮನೆಗೆ ಓಡಿದೆ. ಬಾಗಿಲಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಮೂಗು ಏರಿಸಿ, “ಇನ್ಮೇಲೆ ಕತ್ತರಿ. ಏನು?” ಅಂದೆ. ಅಕ್ಕ ನಕ್ಕಳು. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು, ಕೈ ಎದ್ದು ಬಾಯಿಗೆ ಅಡ್ಡ ನಿಂತಿತು.

“ಅಕ್ಕಾ, ಕೈ ತೆಗಿಯೇ. ಹಲ್ಲು ಸರಿ ಹೋಯ್ತಲ್ಲ.”

“ನಾನೆಲ್ಲಿ ಇಟ್ಟೆನೋ? ಅದೇ ಹೋಯ್ತು” ಎಂದಳು ಅಕ್ಕ, ಕೈಯ ಹಿಂದಿನಿಂದಲೇ.

ಡಾಕ್ಟರು ಹಲ್ಲು ಸರಿಮಾಡಿದ್ದರು. ಆದರೆ ಕೈ ಅಷ್ಟು ವರ್ಷಗಳಲ್ಲಿ ತನ್ನ ಪಾಠವನ್ನು ಚೆನ್ನಾಗಿ ಕಲಿತುಬಿಟ್ಟಿತ್ತು. ಆ ಹೊಸ ಹಲ್ಲುಗಳು ಊಟದ ಹೊತ್ತಿನಲ್ಲಿ ಕಂಡವು, ಮಾತಿನಲ್ಲಿ ಕಂಡವು. ನಗುವಿನಲ್ಲಿ ಯಾರೂ ನೋಡಲಿಲ್ಲ.

ಅಕ್ಕ ಈಗಿಲ್ಲ. ನನ್ನ ಮೊಮ್ಮಕ್ಕಳು ಸಂಜೆ ನನ್ನನ್ನು ಹಿಡಿದು ಕೂರಿಸಿಕೊಂಡು ಒಬ್ಬೊಬ್ಬರ ನಗುವನ್ನೂ ಮಾಡಿಸುತ್ತಾರೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಹೇಗೆ ನಗುತ್ತಾನೆ, ಅಜ್ಜಿ ಹೇಗೆ ನಗುತ್ತಾಳೆ, ನಾನೇ ಹೇಗೆ ನಗುತ್ತೇನೆ. ಮೊನ್ನೆ “ತಾತ, ದೊಡ್ಡಜ್ಜಿ ನಗು ಮಾಡು” ಅಂದರು. ಮಾಡಿದೆ. ಭುಜ ಕುಣಿಸಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದೆ.

“ಇದೇನ್ ತಾತ, ಏನೂ ಕಾಣಿಸ್ತಾನೇ ಇಲ್ಲ” ಅಂದಳು ಮೊಮ್ಮಗಳು. ಅವಳ ಹಲ್ಲಿಗೆ ತಂತಿ ಹಾಕಿದ್ದಾರೆ. ತಂತಿಗೆ ಯಾವ ಬಣ್ಣದ ರಬ್ಬರ್ ಬೇಕೆಂದು ಅವಳೇ ಆರಿಸಿಕೊಂಡಿದ್ದಾಳೆ, ಕಂಡಕಂಡವರಿಗೆಲ್ಲ ತೋರಿಸುತ್ತಾಳೆ.

ಅವಳ ತಮ್ಮ ಹೋದ ವಾರ ವಸಂತಪುರದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಚೂರು ಮುರಿದುಕೊಂಡ. ಅವತ್ತೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಮಲಗಿದವರಿಗೆ ಕಾಣುವ ಹಾಗೆ ಚಾವಣಿಯಲ್ಲಿ ಟೀವಿ ಇದೆ. ಅವನು ಕಾರ್ಟೂನ್ ನೋಡುತ್ತಿದ್ದ ಹಾಗೆಯೇ ಡಾಕ್ಟರು ಹಿಟ್ಟು ಹಚ್ಚಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಿ, ಕಚ್ಚಿಸಿ ನೋಡಿ ಕಳಿಸಿದರು. ಮುರಿದರೆ ಮತ್ತೆ ಬಾ, ಆದರೆ ತಡ ಮಾಡಬೇಡ ಎಂದರು. ಮೆಟ್ಟಿಲು ಇಳಿಯುವಾಗ ನಾನು ಆ ಡಾಕ್ಟರ ದನಿಯಲ್ಲಿ ಅದನ್ನೇ ಹೇಳಿದೆ. ಅವನು ಜೋರಾಗಿ ನಕ್ಕ. ಅವನ ಕೈ ಎಲ್ಲಿದೆ ಎಂದು ನೋಡಿದೆ. ಜೇಬಿನಲ್ಲಿತ್ತು.