ಒಂದಕ್ಕಿಂತ ಮೊದಲಿನ ಕಲ್ಲು

ನನ್ನ ಗಂಡನ ಅಕ್ಕ ಬರೆದ ಒಂದೇ ಒಂದು ಅಂಕಿಯಿಂದ ಊರಿನ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಂಡವು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆ ದಿನ ಹಾಲು ಸಿಗದೆ ಕರಿ ಚಹಾ ಕುಡಿದವಳು ನಾನು, ನೀವಲ್ಲ.

ಅವಳನ್ನು ಎಲ್ಲರೂ ಕರೆಯುವುದು ನಂಬರಕ್ಕ ಎಂದು. ಎದುರಿಗೆ ನಾನು ‘ನೀವು’ ಎನ್ನುತ್ತೇನೆ, ಇಲ್ಲಿ ಮಾತ್ರ ‘ಅವಳು’ ಎಂದೇ ಬರೆಯುತ್ತೇನೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದವರ ನಡುವೆ ಅಷ್ಟು ಸಲಿಗೆ ಇರಬಹುದು.

ಅವಳ ಅಪ್ಪನದು ಬೋರ್ಡ್ ಬರೆಯುವ ಅಂಗಡಿ. ಅಕ್ಷರ ಅಪ್ಪ ಬರೆದರೆ ಅಂಕಿ ಮಗಳು ಬರೆಯುತ್ತಿದ್ದಳು. ಸ್ಟಿಕ್ಕರ್ ಕತ್ತರಿಸುವ ಯಂತ್ರ ಬಂದು ಅಂಗಡಿ ಮುಚ್ಚಿತು. ಅಪ್ಪನೂ ಅದರ ಹಿಂದೆಯೇ ಹೋದರು. ಆಮೇಲೆ ತಮ್ಮನನ್ನು ಸಾಕಿದ್ದು ಅವಳೇ; ತನ್ನ ಮದುವೆಯ ಗೋಜಿಗೆ ಹೋಗಲಿಲ್ಲ. ಆ ತಮ್ಮನೇ ನನ್ನ ಗಂಡ. ಮಣ್ಣು ಅಗೆಯುವ ಮಷಿನ್ ಓಡಿಸುತ್ತಾನೆ. ನಂಬರಕ್ಕನಿಗೆ ಕೆಲಸ ಸಿಕ್ಕಿದ್ದು ಹಳೆಯ ಕಲ್ಲುಗಳ ಇಲಾಖೆಯಲ್ಲಿ. ನೆಲದಡಿಯಿಂದ ಎದ್ದ ಕಲ್ಲುಗಳ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆಯುವುದು, ಅಷ್ಟೇ. ಕಾಯಂ ಅಲ್ಲ, ಆದರೂ ಖುಷಿಗೆ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬರೆಯುವ ಚಟ ಮನೆಗೂ ಬಂತು. ಅಡುಗೆಮನೆಯ ಡಬ್ಬಿಗಳಿಗೆ ನಂಬರ್, ಕುರ್ಚಿಗಳಿಗೆ ನಂಬರ್. ಒಮ್ಮೆ ನಾನು ಮಲಗಿದ್ದಾಗ ಬ್ರಷ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. “ನನಗೂ ಹಾಕ್ತೀರಾ ಅಕ್ಕಾ?” ಎಂದರೆ, “ನೀನೆಲ್ಲಿ ಕಳೆದುಹೋಗ್ತೀಯ, ಬಾಯಿ ಇದೆಯಲ್ಲ” ಎಂದಳು.

ಊರಿನ ನಡುವೆ ಒಂದು ಪವಿತ್ರ ಜಾಗವಿದೆ. ಒಂದೇ ಆವರಣ, ನಡುವೆ ಗೋಡೆ. ಈಚೆ ಮೇಲುಬೀದಿಯವರು ಕೈಮುಗಿಯುತ್ತಾರೆ, ಆಚೆ ಕೆಳಬೀದಿಯವರು. ಇಡೀ ಜಾಗ ತಮ್ಮದೇ ಎಂದು ಇಬ್ಬರೂ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಾರೆ. ಬರುವ ಜನಕ್ಕೆ ನೆರಳಾಗಲಿ ಎಂದು ಗೋಡೆಯ ಮುಂದೆ ದೊಡ್ಡ ಹಾಲ್ ಕಟ್ಟಲು ಪಾಯ ತೆಗೆದಾಗ, ಅಡಿಯಲ್ಲಿ ಇವರಿಬ್ಬರಿಗಿಂತ ಹಳೆಯ ಕಟ್ಟಡವೊಂದರ ನೆಲ ಸಿಕ್ಕಿತು. ಕೋರ್ಟು ಹೇಳಿದ್ದು ಸರಳ. ಇಲಾಖೆ ನಂಬರ್ ಹಾಕಿದ ಕಲ್ಲನ್ನು ಯಾರೂ ಮುಟ್ಟಕೂಡದು, ಹೊಸ ಹಾಲ್ ಅನ್ನು ಅದರಿಂದ ದೂರ ಸರಿಸಿ ಕಟ್ಟಬೇಕು. ನಂಬರ್ ಇಲ್ಲದ್ದು ಬರೀ ಕಲ್ಲುಮಣ್ಣು, ಎತ್ತಿ ಎಸೆಯಬಹುದು.

ಎಸೆಯುವ ಮಷಿನ್ ನನ್ನ ಗಂಡನದು. ಉಳಿಸುವ ಬ್ರಷ್ ಅವನ ಅಕ್ಕನದು. ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದವಳು ನಾನು, ಒಂದೇ ಪಾತ್ರೆಯಿಂದ.

ಆ ಕಲ್ಲುಗಳಲ್ಲಿ ಒಂದು ಹೊಸ್ತಿಲು ಇತ್ತು. ಒಂದು ದಿನ ಬುತ್ತಿ ಕೊಡಲು ಹೋದಾಗ ನಂಬರಕ್ಕ ನನ್ನ ಕೈ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದಳು.

“ಚಪ್ಪಲಿ ಬಿಡು. ಇಲ್ಲಿ ಕಾಲಿಡು.”

ಹೊಸ್ತಿಲಿನ ನಡುವೆ ಕಲ್ಲು ಸವೆದು ಗುಳಿ ಬಿದ್ದಿತ್ತು. ಕಾಲಿಟ್ಟೆ. ನನಗೆಂದೇ ಅಳತೆ ತೆಗೆದು ಮಾಡಿದ ಹಾಗೆ ಪಾದ ಅದರಲ್ಲಿ ಕೂತಿತು. ಬಿಸಿಲಲ್ಲೂ ತಣ್ಣಗಿತ್ತು.

“ಎಷ್ಟು ಜನ ದಾಟಿದ್ರೆ ಕಲ್ಲು ಹೀಗೆ ಸವೆಯುತ್ತೆ, ಹೇಳು,” ಎಂದಳು. “ಅವರೆಲ್ಲ ಯಾವ ಬೀದಿಯವರಂತ ಯಾರಿಗೆ ಗೊತ್ತು? ಇದೊಂದು ಉಳಿದ್ರೆ ನನಗೆ ಸಾಕು ಕಣೇ.”

ಬೇರೆ ಏನನ್ನಾದರೂ ಹೀಗೆ ಬೇಕು ಎಂದು ಅವಳು ಕೇಳಿದ್ದನ್ನು ನಾನು ಕಂಡಿಲ್ಲ. ಅವತ್ತು ಅವಳ ಮೇಲೆ ನನಗೆ ನಿಜಕ್ಕೂ ಪ್ರೀತಿ ಬಂತು.

ಅದಕ್ಕೇ ಹೊಸ್ತಿಲಿಗೆ ಅವಳು ಮೊದಲ ನಂಬರ್ ಹಾಕಿದಳು. ಯಾವ ಮನೆಗಾದರೂ ಬಾಗಿಲಿನಿಂದಲೇ ಅಲ್ಲವೇ ಒಳಗೆ ಹೋಗುವುದು? ಅಲ್ಲಿಂದ ಕೆಳಬೀದಿಯವರ ಕಡೆಗೆ ಬರೆಯುತ್ತ ಹೋದಳು. ಬೆಳಗಿನ ನೆರಳು ಆ ಕಡೆ ಇತ್ತು, ಬೇರೆ ಕಾರಣವಿಲ್ಲ. ಆಮೇಲೆ ತಿರುಗಿ ಮೇಲುಬೀದಿಯವರ ಕಡೆಗೆ ಬಂದಳು.

ಒಂದರಿಂದ ಶುರುವಾದ ಸಾಲು ತಮ್ಮ ಕಡೆಗೇ ಬಂದಿದೆ ಎಂದು ಸಂಜೆಯೊಳಗೆ ಕೆಳಬೀದಿಯಲ್ಲಿ ಸಿಹಿ ಹಂಚಿದರು. ‘ಸರ್ಕಾರವೇ ಬರೆದುಕೊಟ್ಟಿದೆ, ನಾವೇ ಮೊದಲು!’ ಮೇಲುಬೀದಿಯವರ ಹೊಟ್ಟೆಗೆ ಬೆಂಕಿ ಬಿತ್ತು. ಮರುದಿನ ಅಂಗಡಿ ಬಂದ್, ಬಸ್ಸಿನ ಗಾಜು ಪುಡಿ. ಹಾಲು ತರಲು ಹೋದ ನನ್ನ ಗಂಡ ಬರಿಗೈಯಲ್ಲಿ ಓಡಿ ಬಂದ.

ಇಲಾಖೆಯ ಸಾಹೇಬರು ನಂಬರಕ್ಕನನ್ನು ಕರೆಸಿದರು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ಬೈದಾದರೂ ಸುಮ್ಮನಾಗಬಹುದಿತ್ತು.

“ಆ ಒಂದನ್ನ ಅಳಿಸಿಬಿಡಮ್ಮ.”

“ಅಳಿಸಿದ್ರೆ ಮಷಿನ್ ಬರುತ್ತಲ್ಲ ಸಾರ್?”

“ಬೇರೆ ಏನಾದ್ರೂ ಹಾಕು. ಗಲಾಟೆ ಆಗದ ಹಾಗೆ ಹಾಕು.”

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳು ತನ್ನ ಒಂದನ್ನು ತಾನೇ ಉಜ್ಜಿದಳು. ಮನೆಗೆ ಬಂದು ಅಡುಗೆಮನೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಳು. ಕೊನೆಯ ನಂಬರ್ ಹಾಕಿದರೆ ಕೆಳಬೀದಿಯವರು ಸುಮ್ಮನಿರುತ್ತಾರೆಯೇ? ನಡುವಿನದು ಹಾಕೋಣವೆಂದರೆ ಎಲ್ಲವೂ ಖರ್ಚಾಗಿವೆ. ಅವಳ ಕಣ್ಣು ಡಬ್ಬಿಗಳ ಸಾಲಿನ ಮೇಲೆ ಹೋಯಿತು. ಸಾಲಿನ ಮೊದಲಿಗೆ ಒಂದು ಖಾಲಿ ಡಬ್ಬಿ. ಅದರ ಮೇಲೆ ಅವಳೇ ಬರೆದ ಸೊನ್ನೆ.

“ಏ, ಸೊನ್ನೆ!” ಎಂದು ತೊಡೆ ತಟ್ಟಿಕೊಂಡಳು. “ಒಂದಕ್ಕಿಂತ ಮೊದಲೂ ಆಯ್ತು, ಬೆಲೆ ಇಲ್ಲದ್ದೂ ಆಯ್ತು. ಯಾರಿಗೂ ಬೇಡದ ಅಂಕಿ. ಇದಕ್ಕೆ ಯಾರು ಬಡಿದಾಡ್ತಾರೆ?”

ನಾನೂ ನಕ್ಕೆ. ನನ್ನ ಗಂಡನೂ ನಕ್ಕ. ಎಷ್ಟು ಬುದ್ಧಿವಂತೆ ನಮ್ಮಕ್ಕ ಎಂದ. ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಬೆಳಿಗ್ಗೆ ಅವಳು ಹೊಸ್ತಿಲಿನ ಮೇಲೆ ಸೊನ್ನೆ ಬರೆದಳು. ಪೇಂಟ್ ಒಣಗುವ ಮೊದಲೇ ಸುದ್ದಿ ಎರಡೂ ಬೀದಿಗೆ ಮುಟ್ಟಿತು. ನಮ್ಮ ಪವಿತ್ರ ಹೊಸ್ತಿಲಿಗೆ ಸೊನ್ನೆಯೇ? ಮೇಲುಬೀದಿಯವರು ಹಾಗೆ ಕೇಳಿದರು. ಕೆಳಬೀದಿಯವರೂ ಅದನ್ನೇ ಕೇಳಿದರು. ಇಷ್ಟು ವರ್ಷಗಳಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅವತ್ತೇ. ಗೋಡೆಯ ಎರಡೂ ಕಡೆಯಿಂದ ನುಗ್ಗಿದರು. ಪೇಂಟಿನ ಡಬ್ಬಿಯನ್ನು ಅವಳ ತಲೆಯ ಮೇಲೆ ಸುರಿದರು. “ದೇವರಿಗೆ ಸೊನ್ನೆ ಸುತ್ತುತ್ತೀಯಾ?” ಎಂದು ಒಬ್ಬ ಅವಳ ಬಲಗೈಯನ್ನು ನೆಲಕ್ಕೊತ್ತಿದ, ಇನ್ನೊಬ್ಬ ಅದರ ಮೇಲೆ ಬೂಟುಗಾಲಿನಲ್ಲಿ ನಿಂತ. ಒತ್ತಿದವನು ಮೇಲುಬೀದಿ, ನಿಂತವನು ಕೆಳಬೀದಿ. ಬುತ್ತಿ ಹಿಡಿದು ಬೇಲಿಯಾಚೆ ನಿಂತಿದ್ದ ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ.

ಪೊಲೀಸರು ಜನರನ್ನು ಹಗ್ಗದ ಆಚೆ ತಳ್ಳಿದರು. ಸಾಹೇಬರು, ಹಾಲ್ ಕಟ್ಟುವ ಕಂಟ್ರಾಕ್ಟರ್, ಎರಡೂ ಬೀದಿಯ ಹಿರಿಯರು ಅಲ್ಲೇ ಬಾಗಿಲಿಲ್ಲದ ತಗಡಿನ ಶೆಡ್ಡಿನಲ್ಲಿ ಕೂತರು. ನಂಬರಕ್ಕ ಹೊಸ್ತಿಲು ಬಿಟ್ಟು ಏಳಲಿಲ್ಲ. ಮುಖದ ತುಂಬ ಬಿಳಿ ಪೇಂಟು, ನಡುವೆ ಎರಡು ಕಣ್ಣು, ಮಡಿಲಲ್ಲಿ ಊದಿದ ಕೈ.

ಶೆಡ್ಡಿನಿಂದ ಕಂಟ್ರಾಕ್ಟರನ ದನಿ ಕೇಳಿಸಿತು. “ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ ಸಾರ್? ನಂಬರೇ ಇಲ್ಲ ಅಂದ ಹಾಗಾಯ್ತು.”

ಸಾಹೇಬರು ಎರಡೂ ಬೀದಿಯ ಹಿರಿಯರ ಕಡೆ ನೋಡಿದರು. ಬೇರೆಯವರಿಗೆ ಒಂದು ಸಿಗುವುದಕ್ಕಿಂತ ಯಾರಿಗೂ ಏನೂ ಸಿಗದಿರುವುದೇ ವಾಸಿ ಎಂದು ಅವರ ಮುಖವೇ ಹೇಳುತ್ತಿತ್ತು. ಕೊನೆಗೆ ಸಾಹೇಬರು, “ನಿಯಮದ ಪ್ರಕಾರ ನೋಡಿದ್ರೆ... ಹೌದು” ಎಂದು ಕೈತೊಳೆದುಕೊಂಡರು.

ನನ್ನ ಗಂಡನನ್ನು ಕರೆದರು. ಅವನು ಮಷಿನ್ ಹತ್ತಿ ಕೂತ, ಆದರೆ ಚಾಲೂ ಮಾಡಲಿಲ್ಲ.

“ಅಲ್ಲಿ ನಮ್ಮಕ್ಕ ಕೂತಿದ್ದಾಳೆ ಸಾರ್.”

“ಎಬ್ಬಿಸ್ತೀವಿ. ನಿನಗಾಗಲ್ಲ ಅಂದ್ರೆ ಇಳಿ, ಡ್ರೈವರ್‌ಗಳಿಗೇನು ಬರವಾ?” ಎಂದ ಕಂಟ್ರಾಕ್ಟರ್.

ಇಬ್ಬರು ಮಹಿಳಾ ಪೊಲೀಸರು ಅವಳನ್ನು ಕಂಕುಳಿಗೆ ಕೈಹಾಕಿ ಎತ್ತಿದರು. ಅವಳು ಒದ್ದಾಡಲಿಲ್ಲ. ತಮ್ಮನ ಕಡೆ ನೋಡಿ, “ಬೇಡ ಕಣೋ. ಬೇಡ ಕಣೋ ಪುಟ್ಟಾ” ಎಂದಳು, ಅವನು ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ. ಅವನು ಇಳಿಯುತ್ತಾನೆ ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ. ಅವನು ಕೀಲಿ ತಿರುಗಿಸಿದ.

ಮೊದಲ ಏಟಿಗೇ ಹೊಸ್ತಿಲು ಗುಳಿ ಇದ್ದಲ್ಲಿ ಸೀಳಿತು. ಅದೇ ಅಲ್ಲವೇ ತೆಳ್ಳಗಾಗಿದ್ದ ಜಾಗ? ಜನ ಹಗ್ಗ ಹಾರಿ ಓಡಿಬಂದರು. ಈಚೆಯ ತುಂಡನ್ನು ಮೇಲುಬೀದಿಯವರು ಹೊತ್ತರು, ಆಚೆಯದನ್ನು ಕೆಳಬೀದಿಯವರು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟರು. ಒಂದು ಬೈಗುಳವೂ ಕೇಳಿಸಲಿಲ್ಲ.

ನಂಬರಕ್ಕನ ಕೆಲಸ ಹೋಯಿತು. ಎರಡು ಬೆರಳು ಸೊಟ್ಟಗೆ ಕೂಡಿಕೊಂಡವು, ಮಡಚಲು ಬರುವುದಿಲ್ಲ. ತಮ್ಮನ ಜೊತೆ ಮಾತು ಬಿಟ್ಟಳು. ಅವನ ತಟ್ಟೆಗೆ ಬಡಿಸುವುದನ್ನು ಮಾತ್ರ ಬಿಡಲಿಲ್ಲ. ನನಗೆ ಅದೇ ಸಹಿಸಲಾಗದ್ದು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಹಾಲ್ ಸರಾಗವಾಗಿ ಎದ್ದಿತು. ಅದರ ಈ ತುದಿಯಲ್ಲೊಂದು ಗಾಜಿನ ಪೆಟ್ಟಿಗೆ, ಆ ತುದಿಯಲ್ಲೊಂದು. ಪ್ರತಿಯೊಂದರಲ್ಲೂ ಅರ್ಧರ್ಧ ಹೊಸ್ತಿಲು. ತೆರೆಯುವ ದಿನ ಹತ್ತಿರ ಬಂದಾಗ ಮೇಲುಬೀದಿಯ ಹಿರಿಯರೊಬ್ಬರು ಹಣ್ಣು ಹಿಡಿದು ನಮ್ಮ ಮನೆಗೆ ಬಂದರು.

“ಹಳೆಯದೆಲ್ಲ ಮನಸ್ಸಲ್ಲಿ ಇಟ್ಕೋಬೇಡಮ್ಮ. ನಮ್ಮ ಕಲ್ಲಿನ ಮೇಲೆ ಒಂದು ಅಂತ ಬರೀಬೇಕು. ನಿನ್ನಷ್ಟು ನೀಟಾಗಿ ಯಾರೂ ಬರೆಯಲ್ಲ.”

ನಾನು ಪೊರಕೆ ಹುಡುಕುತ್ತಿದ್ದೆ. ನಂಬರಕ್ಕ ನನ್ನ ಕೈ ಹಿಡಿದಳು. “ಬರ್ತೀನಿ” ಎಂದಳು. ಮಾರನೆಯ ದಿನ ಕೆಳಬೀದಿಯವರು ಬಂದು ಕೇಳಿದ್ದೂ ಅದನ್ನೇ. ಅವರಿಗೂ ಬರ್ತೀನಿ ಎಂದಳು.

ಜೊತೆಗೆ ನಾನೂ ಹೋದೆ. ಮೊದಲು ಈ ತುದಿ, ಆಮೇಲೆ ಆ ತುದಿ. ಎರಡು ಕಡೆಯೂ ಅವಳು ಬರೆಯುವ ಮೊದಲು ಕಲ್ಲಿನ ಒಡೆದ ಅಂಚಿನ ಮೇಲೆ ಅಂಗೈ ಇಟ್ಟಳು. ಅರ್ಧ ಪಾದದ ಗುಳಿ ಇತ್ತು, ಉಳಿದರ್ಧ ಆಚೆ ಪೆಟ್ಟಿಗೆಯಲ್ಲಿ. ಆಮೇಲೆ ನೆಟ್ಟಗಿದ್ದ ಮೂರು ಬೆರಳಲ್ಲಿ ಬ್ರಷ್ ಹಿಡಿದು ಒಂದು ಗೀಟು ಎಳೆದಳು. ಎರಡು ಕಡೆಯ ‘ಒಂದು’ಗಳೂ ಅಚ್ಚುಕಟ್ಟಾಗಿ ಬಂದವು.

ಆ ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ ತಲೆ ಎತ್ತದೆ ಕೇಳಿದ, “ಬರೆದುಕೊಟ್ಟೆಯಂತೆ, ಅಕ್ಕಾ?”

ಅಷ್ಟು ತಿಂಗಳ ಮೇಲೆ ಅವಳು ತಮ್ಮನ ಜೊತೆ ಬಾಯಿ ಬಿಟ್ಟಳು.

“ಹೂಂ. ನೀನು ಒಡೆದೆ, ನಾನು ಬರೆದೆ. ಇಬ್ಬರೂ ಒಳ್ಳೆ ಕೆಲಸಗಾರರು ಅಂತ ಊರಲ್ಲಿ ಹೆಸರಾಯ್ತು, ಪುಟ್ಟಾ. ಊಟ ಮಾಡು.”

ಅವನು ತಟ್ಟೆಯಲ್ಲೇ ಕೈ ಬಿಟ್ಟು ಅತ್ತ. ಅವಳು ಅವನಿಗೆ ಇನ್ನೊಂದು ಸೌಟು ಬಡಿಸಿದಳು.