ಸೋವಿನ ಕೂಗು

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಕ್ಲಬ್ಬಿನ ಬೋರ್ಡಿನ ಮೇಲೆ ವನ್ಯಜೀವಿ ಸಂರಕ್ಷಣೆ ಎಂಬ ಮಾತು ಬಂದು ಎಷ್ಟೋ ವರ್ಷಗಳಾದವು. ಜನರ ಬಾಯಲ್ಲಿ ಅದು ಇವತ್ತಿಗೂ ಶಿಕಾರಿ ಕ್ಲಬ್ಬೇ. ಅದರಲ್ಲಿ ಜನರ ತಪ್ಪೇನಿಲ್ಲ. ಶಿಕಾರಿ ನಿಂತ ಮೇಲೆ ನಾವು ಕಾಡು ಉಳಿಸುವ ಭಾಷೆ ಕಲಿತೆವು ನಿಜ, ಆದರೆ ನಾಲ್ಕು ಜನ ಮೆಂಬರುಗಳು ಸೇರಿದರೆ ಮಾತು ಹಂದಿ, ಕಡವೆಗಳ ಸುತ್ತಲೇ ತಿರುಗುತ್ತದೆ.

ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚೆ, ಒಂದು ಭಾನುವಾರ ಮಧ್ಯಾಹ್ನ ಊಟ ಹಾಕಿಸಿ ಚಂದಾ ಎತ್ತುತ್ತೇವೆ. ಅದು ಕಾಡು ಕಾಯುವ ವಾಚರುಗಳ ರೈನ್‌ಕೋಟು, ಬೂಟು, ಟಾರ್ಚುಗಳಿಗೆ ಹೋಗುತ್ತದೆ. ಕಡುಬು, ಹಂದಿ ಸಾರು ತಪ್ಪುವುದಿಲ್ಲ. ಸಾಕಿದ ಹಂದಿಯೇ ಎಂದು ಎಷ್ಟು ಹೇಳಿದರೂ ಪ್ರತಿ ವರ್ಷ ಯಾರಾದರೊಬ್ಬರು ಕಿವಿಯ ಹತ್ತಿರ ಬಂದು, "ನಿಜ ಹೇಳು ಮಾರಾಯ" ಎನ್ನುತ್ತಾರೆ. ಎಪ್ಪತ್ತು ದಾಟಿದ ಕಾರ್ಯದರ್ಶಿಯಾದ ನನಗೆ ಆ ತಮಾಷೆಗೆ ನಗುವ ತಾಳ್ಮೆ ಉಳಿದಿಲ್ಲ.

ಕಳೆದ ಸಲದ ಊಟ ಒಬ್ಬ ವಾಚರನ ಸಲುವಾಗಿ ಇತ್ತು. ಕಾಫಿ ಹಣ್ಣು ಕುಯ್ಯುತ್ತಿದ್ದ ಹೆಂಗಸರ ಕಡೆಗೆ ಆನೆ ನುಗ್ಗುವುದನ್ನು ಕಂಡು ಆತ ದೂರದಿಂದ ಕೂಗಿದ್ದ. ಹೆಂಗಸರು ಓಡಿ ಬದುಕಿಕೊಂಡರು. ಆನೆ ಕೂಗು ಬಂದ ಕಡೆಗೆ ತಿರುಗಿತು. ಸೊಂಟ ಮುರಿದು ಮಲಗಿದವನು ಎದ್ದು ಕೋಲು ಹಿಡಿದು ನಡೆಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಸುದ್ದಿ ಬಂದ ದಿನ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಮೂಗನ ಮಗ ಕೂಗಿದನಂತೆ ಎಂದು. ಆತನ ಅಪ್ಪನನ್ನು ಊರು ಮೂಗ ಎಂದೇ ಕರೆಯುತ್ತಿತ್ತು. ಆ ಮನುಷ್ಯನಿಗೆ ಮಾತು ಚೆನ್ನಾಗಿಯೇ ಬರುತ್ತಿತ್ತು. ಆ ಹೆಸರು ಯಾಕೆ ಬಂತೆಂದು ನನ್ನಷ್ಟು ಬಲ್ಲವರು ಈಗ ಯಾರೂ ಉಳಿದಿಲ್ಲ.

ಊಟದ ತಯಾರಿಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ಹಳೆಯ ಶಿಕಾರಿಯಲ್ಲಿ ಕೋವಿ ಹಿಡಿದು ಕಾಯುವ ಜಾಗಕ್ಕೆ ಬಿಲ್ಲು ಎನ್ನುತ್ತಿದ್ದರು. ಕೂಗುತ್ತ, ಪೊದೆ ಬಡಿಯುತ್ತ ಪ್ರಾಣಿಯನ್ನು ಬಿಲ್ಲಿನ ಕಡೆ ಅಟ್ಟುವುದಕ್ಕೆ ಸೋವು ಎನ್ನುತ್ತಿದ್ದರು. ಆಮೇಲಿನ ಊಟದಲ್ಲೂ ಬಿಲ್ಲಿನವರದು ಒಂದು ಪಂಕ್ತಿ, ಸೋವಿನವರದು ಇನ್ನೊಂದು. ಯಾವ ಮೇಜಿಗೆ ಯಾರು ಎಂದು ಅಡುಗೆಯವರಿಗೆ ಚೀಟಿ ಬರೆಯುವಾಗ, ನನ್ನ ಕೈ ತನ್ನ ಪಾಡಿಗೆ ಮೆಂಬರುಗಳಿಗೆ 'ಬಿಲ್ಲಿನವರು' ಎಂದೂ ವಾಚರುಗಳಿಗೆ 'ಸೋವಿನವರು' ಎಂದೂ ಬರೆದುಬಿಟ್ಟಿತು. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಬಹಳ ಶಿಸ್ತಿನ ಮನುಷ್ಯ. ಅದನ್ನೇ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಮೇಜುಗಳಿಗೆ ಅಂಟಿಸಿದ್ದರು. ನಾನು ನೋಡುವಷ್ಟರಲ್ಲಿ ಆ ವಾಚರ್ ಬಂದು ಚೀಟಿಯ ಮುಂದೆಯೇ ಕೂತಿದ್ದ.

ಓಡಿಹೋಗಿ ಕೀಳಲು ಕೈ ಹಾಕಿದೆ. ಆತ ಚೀಟಿಯ ಮೇಲೆ ತನ್ನ ಅಂಗೈ ಇಟ್ಟ.

"ಇರ್ಲಿ ಬಿಡಿ ಗೌಡ್ರೆ. ನಮ್ಮಪ್ಪ ಸೋವಿನವ್ನೇ ಅಲ್ವಾ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಪ್ಪಾಯಿತು ಎಂದು ಹೇಳಿ ಪಾರಾಗುತ್ತಿದ್ದೆ. ಆತ ನೀರು ಕುಡಿದು, ಲೋಟ ಕೆಳಗಿಟ್ಟು, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದ: "ನಮ್ಮಪ್ಪಂಗೆ ಗುಂಡು ಬಿದ್ದ ದಿನ ನೀವೂ ಬಿಲ್ಲಲ್ಲಿ ಇದ್ರಂತೆ. ಅವ್ರು ನಿಜ್ವಾಗ್ಲೂ ಕೂಗ್ಲಿಲ್ವಾ?"

ಅಷ್ಟರಲ್ಲಿ ಅಧ್ಯಕ್ಷರು ಭಾಷಣಕ್ಕೆ ನನ್ನನ್ನು ಮೈಕಿನಲ್ಲಿ ಕರೆದರು. ಹೇಳುತ್ತೇನೆ ಎಂದು ಆತನಿಗೆ ತಿಳಿಸಿ ಹೊರಟೆ. ನಾಚಿಕೆಯಾಗಬೇಕು, ಕರೆ ಬಂದದ್ದಕ್ಕೆ ಒಂದು ಗಳಿಗೆ ನನಗೆ ಸಂತೋಷವಾಯಿತು.

ಅವತ್ತು ನನಗೆ ಹತ್ತೊಂಬತ್ತು. ಅಪ್ಪ ಮೊದಲ ಸಲ ನನ್ನನ್ನು ತಮ್ಮ ಪಕ್ಕದ ಬಿಲ್ಲಿಗೆ ನಿಲ್ಲಿಸಿದ್ದರು. ಸೋವಿನವರಿಗೆ ಇದ್ದದ್ದು ಒಂದೇ ಕಟ್ಟಳೆ, ಕೂಗು ನಿಲ್ಲಿಸಬಾರದು. ಕೂಗುತ್ತಿದ್ದವನಿಗೆ ಗುಂಡು ತಗುಲಿದರೆ ಕೋವಿಯವನ ತಪ್ಪು. ಕೂಗದವನಿಗೆ ತಗುಲಿದರೆ ಅವನದೇ ತಪ್ಪು. ನನ್ನೆದುರಿನ ಪೊದೆ ಅಲುಗಿತು. ಅಲ್ಲಿಂದಲೇ ಈ ವಾಚರನ ಅಪ್ಪನ ಕೂಗೂ ಬಂತು. ಕೂಗು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ ಎಂದು ನನಗೆ ನಾನೇ ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ತಲೆಗೂ ಹೋಗಿತ್ತು. ಹಂದಿ ಅವನಿಗಿಂತ ಮುಂದಿರಬೇಕು ಎಂದುಕೊಂಡೆ. ಮೊದಲ ಹಂದಿ ಕೈತಪ್ಪೀತು ಎಂಬ ಆತುರ. ಹೊಡೆದೆ. ತೋಟೆಯ ಸೀಸದ ಚರೆಗಳು ಅವನ ಮೊಣಕಾಲಿಗೆ ಹೊಕ್ಕವು.

ಅಪ್ಪ ಓಡಿ ಬಂದು ನನ್ನ ಕೈಯಿಂದ ಕೋವಿ ಕಿತ್ತುಕೊಂಡರು. ಜನ ಸೇರಿದಾಗ ಎರಡು ಮಾತು ಹೇಳಿದರು. ಹೊಡೆದದ್ದು ತಾವು ಎಂದರು. ಅವನು ಕೂಗಲಿಲ್ಲ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಎಂದೆ.

ಅಪ್ಪ ಆಸ್ಪತ್ರೆಗೆ ಸೇರಿಸಿ ಚೆನ್ನಾಗಿಯೇ ನೋಡಿಕೊಂಡರು. ಕಾಲು ಮಾತ್ರ ಸರಿಹೋಗಲಿಲ್ಲ. ಆಮೇಲೆ ಅವನನ್ನು ಯಾರೂ ಸೋವಿಗೆ ಕರೆಯಲಿಲ್ಲ. ಕೂಗಬೇಕಾದಲ್ಲಿ ಕೂಗದವನು ಎಂದು ನಗಾಡಿ, ಕೊನೆಗೆ ಮೂಗ ಎಂಬ ಹೆಸರೇ ನಿಂತಿತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನು ಕುಂಟುತ್ತ ಬದಿಗೆ ಸರಿದು ನನಗೆ ಕೈ ಮುಗಿಯುತ್ತಿದ್ದ. ಸಾಯುವವರೆಗೂ ಮುಗಿದ. ನಾನು ತಲೆ ಆಡಿಸಿ ಜೀಪು ಮುಂದಕ್ಕೆ ಬಿಡುತ್ತಿದ್ದೆ.

ಜೇಬಿನಲ್ಲಿ ಆನೆ ಮತ್ತು ಮನುಷ್ಯರ ಸಹಬಾಳ್ವೆಯ ಬಗ್ಗೆ ಎರಡು ಪುಟದ ಭಾಷಣವಿತ್ತು. ಅದನ್ನು ತೆಗೆಯಲಿಲ್ಲ.

"ಈ ವಾಚರ್ ತಂದೆಗೆ ಗುಂಡು ಹೊಡೆದಿದ್ದು ನಮ್ಮಪ್ಪ ಅಲ್ಲ, ನಾನು," ಎಂದೆ. "ಅವ್ರು ಕೂಗ್ತಾನೇ ಇದ್ರು. ನಂಗೆ ಕೇಳ್ಸಿತ್ತು. ಕೇಳ್ಸಿದ್ರೂ ಹೊಡ್ದೆ."

ಬಡಿಸುತ್ತಿದ್ದವರು ನಿಂತಲ್ಲೇ ನಿಂತರು. ಅಧ್ಯಕ್ಷರು ತಮ್ಮ ಬೂಟು ನೋಡತೊಡಗಿದರು. ನಾನು ವಾಚರನನ್ನೇ ನೋಡುತ್ತಿದ್ದೆ. ಬೈಯಲಿ, ಎದ್ದು ಹೋಗಲಿ, ಏನಾದರೂ ಸರಿಯೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆತ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕಷ್ಟಪಟ್ಟು ಎದ್ದು ನಿಂತ.

"ಹೆಂಗ್ ಕೂಗಿದ್ರು ಗೌಡ್ರೆ?" ಎಂದು ಕೇಳಿದ. ತನ್ನ ಅಪ್ಪ ದನಿ ಎತ್ತಿದ್ದನ್ನು ತಾನು ಹುಟ್ಟಿದಾರಭ್ಯ ಕೇಳಿದ ನೆನಪಿಲ್ಲ, ದನ ಕರೆಯಲೂ ಅವರು ಗಂಟಲು ತೆರೆಯುತ್ತಿರಲಿಲ್ಲ ಎಂದ.

ಸೋವಿನಲ್ಲಿ ಒಬ್ಬೊಬ್ಬರದು ಒಂದೊಂದು ಕೂಗು. ಯಾರು ಎಲ್ಲಿದ್ದಾರೆ ಎಂದು ಅದರಿಂದಲೇ ತಿಳಿಯಬೇಕು. ಅವರದು ಎರಡು ಗಿಡ್ಡ, ಒಂದು ಉದ್ದ. ಐವತ್ತು ವರ್ಷ ದಾಟಿದರೂ ಅದು ನನ್ನ ಕಿವಿ ಬಿಟ್ಟು ಹೋಗಿಲ್ಲ. ಜನ ತುಂಬಿದ ಆ ಹಾಲ್‌ನಲ್ಲಿ, ನನ್ನ ಮುದಿ ಗಂಟಲಿನಲ್ಲಿ, ಹೋ, ಹೋ, ಹೋ...ಯ್ ಎಂದು ಕೂಗಿದೆ. ಮೈಕು ಕಿರುಚಿ ಕೊನೆಯದನ್ನು ನುಂಗಿಹಾಕಿತು.

ಆತ ಕಣ್ಣು ಮುಚ್ಚಿಕೊಂಡಿದ್ದ.

"ಇನ್ನೊಂದ್ಸಲ," ಎಂದ.

ಮೈಕನ್ನು ಪಕ್ಕಕ್ಕಿಟ್ಟು ಕೂಗಿದೆ.