ಚೆಸ್ ಬೋರ್ಡಿನ ಮಂಗ

ದೆವ್ವದ ಕಥೆ ಹೇಳುವವರು ಸಿಕ್ಕಿದರೆ ಅದನ್ನು ಅವರದೇ ಸ್ವರದಲ್ಲಿ ತಿರುಗಿ ಹೇಳಿ ನಾಲ್ಕು ಜನರನ್ನು ನಗಿಸುವವ ನಾನು. ಕಾಟಿಪಳ್ಳದ ನಮ್ಮ ಓಣಿಯಲ್ಲಿ ನಾನು ಅಣಕಿಸದ ಮನುಷ್ಯ ಇಲ್ಲ. ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನನ್ನನ್ನೇ ಅಣಕಿಸುತ್ತೇನೆ, ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ. ಹಾಗಾಗಿ ಇದನ್ನು ನೀವು ನಂಬದಿದ್ದರೆ ಬೇಜಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಗೆಳೆಯ ಲವಿನ್‌ನ ಮನೆ ಫಳ್ನೀರಿನ ಒಂದು ಫ್ಲ್ಯಾಟು. ಅವನ ಅಪ್ಪ ಆಲ್ಫಿ ಅಂಕಲ್ ನಿವೃತ್ತ ಮಾಸ್ಟ್ರು. ಅವರ ಚೆಸ್ಸಿನಲ್ಲಿ ಒಂದು ಕಾಯಿ ಜಾಸ್ತಿ ಉಂಟು: ಹಲಸಿನ ಮರದ ಮಂಗ. ನಾನು ಹುಟ್ಟುವ ಮೊದಲೇ ತೀರಿಹೋದ ಅಂಕಲ್‌ನ ಅಣ್ಣ ಕೆತ್ತಿದ್ದಂತೆ. ಇಬ್ಬರು ಆಟಗಾರರಿಗೂ ಸೇರಿ ಅದೊಂದೇ. ಅದಕ್ಕೆ ಸ್ವಂತ ನಡೆ ಇಲ್ಲ. ಎದುರಿನವ ಕುದುರೆ ನಡೆಸಿದರೆ ಕುದುರೆಯ ಹಾಗೆ, ಆನೆ ನಡೆಸಿದರೆ ಆನೆಯ ಹಾಗೆ. ಅದನ್ನು ಎತ್ತಿದವ ಬೇರೆ ಯಾರದಾದರೂ ಸ್ವರದಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಡೆ ಲೆಕ್ಕಕ್ಕಿಲ್ಲ. ನನಗೆಂದೇ ಮಾಡಿದಂಥ ಆಟ.

ಕಳೆದ ವರ್ಷ ಅಂಕಲ್‌ನ ಹೃದಯದ ಆಪರೇಷನ್‌ಗೆ ದಿನ ನಿಗದಿಯಾಗಿತ್ತು. ಅವರನ್ನು ಒಪ್ಪಿಸುವಷ್ಟರಲ್ಲಿ ಲವಿನ್‌ಗೆ ಸಾಕುಸಾಕಾಗಿತ್ತು. ಮುನ್ನಾದಿನ ಮಧ್ಯಾಹ್ನ ಅವನ ಫೋನು: "ಪಪ್ಪನಿಗೆ ಹೆದರಿಕೆ ಶುರುವಾಗಿದೆ. ಬಂದು ಸ್ವಲ್ಪ ನಗಿಸು ಮಾರಾಯ."

ಹೋಗಿ ಅಂಕಲ್‌ನ ಜೊತೆ ಆಟಕ್ಕೆ ಕೂತೆ. ಮಂಗನ ಸರದಿಗೆ ನಾನು ಲವಿನ್‌ನ ಸ್ವರ ತೆಗೆದೆ, ಅಂಕಲ್ ನನ್ನದು ತೆಗೆದರು. "ನಿನ್ನದು ಸುಲಭ. ಬಾಯಿ ಮುಚ್ಚದಿದ್ದರೆ ಆಯಿತು," ಎಂದು ನಕ್ಕರು. ಆಮೇಲೆ ಕುದುರೆ ನಡೆಸಿದರು. ನಾನು ಮಂಗನನ್ನು ಎತ್ತಿದೆ. ಮೀನು ಮಾರುವವಳ ಸ್ವರ ತೆಗೆಯಬೇಕೆಂದಿದ್ದೆ. ಬಂದದ್ದು ಯಾರೋ ಗಂಡಸಿನ ದಪ್ಪ, ಒಡಕು ಸ್ವರ, ಅದೂ ಕೊಂಕಣಿಯಲ್ಲಿ: "ಫಾಲ್ಯಾಂ ನಾಕಾ, ಆಲ್ಫಿ." ನಾಳೆ ಬೇಡ ಎಂದು. ನನಗೆ ಕೊಂಕಣಿಯಲ್ಲಿ ನಾಲ್ಕು ಬೈಗುಳ ಬಿಟ್ಟರೆ ಬೇರೆ ಬರುವುದಿಲ್ಲ.

ಅಂಕಲ್‌ನ ಮುಖ ಬಿಳಿಚಿತು. "ಫೆಲಿಕ್ಸ್," ಎಂದರು. ಅದು ಆ ಅಣ್ಣನ ಹೆಸರು.

ಲವಿನ್ ನನ್ನನ್ನು ಅಡುಗೆಮನೆಗೆ ಎಳೆದ. "ಎಂತ ಮಾಡಿದೆ ನೀನು? ದೊಡ್ಡಪ್ಪನ ಸ್ವರ ನಾನೇ ಕೇಳಿಲ್ಲ, ನಿನಗೆ ಹೇಗೆ ಗೊತ್ತು?"

ಅಂಕಲ್ ಆಸ್ಪತ್ರೆಗೆ ಹೋಗಲಿಲ್ಲ. "ಹೋಗು ಅಂತ ಫೆಲಿಕ್ಸ್ ಹೇಳಲಿ, ಆಗ ಹೋಗ್ತೇನೆ," ಎಂದು ಕೂತುಬಿಟ್ಟರು.

ಕೊನೆಗೆ ಲವಿನ್ ಸಿಟ್ಟು ನುಂಗಿ ನನ್ನ ಹತ್ತಿರವೇ ಬಂದ. ಅದೇ ಸ್ವರದಲ್ಲಿ ಹೋಗು ಅಂತ ಒಂದು ಮಾತು ಹೇಳಿಬಿಡು ಎಂದ. ಒಮ್ಮೆ ಕೇಳಿದ ಸ್ವರ ನನಗೆ ತಪ್ಪಿದ್ದಿಲ್ಲ. ನನ್ನದೇ ಗಂಟಲಿನಿಂದ ಬಂದದ್ದು ಮಾತ್ರ ಸಿಗಲಿಲ್ಲ. ಬಚ್ಚಲಲ್ಲಿ ಪ್ರಯತ್ನಿಸಿದೆ, ಬಸ್ಸಿನಲ್ಲಿ ಪ್ರಯತ್ನಿಸಿದಾಗ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಹತ್ತಿರ ಹತ್ತಿರ ಒಂದು ಸ್ವರ ಮಾಡಿಕೊಂಡು ಹೋಗಿ, ಮಂಗನನ್ನು ಎತ್ತಿ ಹೇಳಿದೆ. ಅಂಕಲ್ ನನ್ನ ತಲೆ ಸವರಿದರು. "ಇದು ನೀನು, ಮಗಾ."

ಈಗ ಅವರು ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಾರೆ. ಇನ್ನು ತಡಮಾಡಬೇಡಿ ಎಂದಿದ್ದಾರೆ ಡಾಕ್ಟರು. ಆಟಕ್ಕೆ ಬಾ ಎಂದು ಅಂಕಲ್ ವಾರವಾರ ಕರೆಯುತ್ತಾರೆ, ನಾನು ಗಂಟಲು ನೋವು ಎನ್ನುತ್ತೇನೆ. ಆ ಸ್ವರ ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಬಾರದಿದ್ದರೆ ಅಂಕಲ್ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಬಂದು, ಈ ಸಲವೂ ಬೇಡ ಎಂದರೆ?